'ಸೌಂಡ್ ಒಡೀತತಿ' ಅಂದರೆ ಬದಲಿಸಬೇಕಾದ್ದು ಯಾವುದು?

ಪ್ರಶ್ನೆ:

ಬಲ್ಲವರಿಗೆ ನಮಸ್ಕಾರ. ದಾವಣಗೆರೆ ಕಡೆ ಇಯರ್‌ಫೋನ್ ಸರಿಯಾಗಿ ಕೇಳದಿದ್ದರೆ 'ಸೌಂಡ್ ಒಡೀತತಿ' ಅನ್ನುತ್ತಾರೆ. ದುಗ್ಗಮ್ಮನ ಜಾತ್ರೆಯ ಹಾರ್ನ್ ಸ್ಪೀಕರ್‌ಗೂ ಇದೇ ಮಾತು. ಹೆಡ್‌ಫೋನ್, ಆಂಪ್ (ಸೌಂಡ್ ಜೋರು ಮಾಡುವ ಸಾಧನ), ಡ್ಯಾಕ್ (ಡಿಜಿಟಲ್ ಹಾಡನ್ನು ಹೆಡ್‌ಫೋನ್‌ಗೆ ಬೇಕಾದ ಸಿಗ್ನಲ್ ಆಗಿಸುವ ಸಾಧನ) ಇವುಗಳಲ್ಲಿ ಯಾವುದನ್ನು ಮೊದಲು ಬದಲಿಸಬೇಕು ಎಂದು ತಿಳಿಸುವ ಕನ್ನಡ ಕೈಪಿಡಿಯಲ್ಲಿ ಈ ಪದವನ್ನು ಹಾಗೇ ಬಳಸಬಹುದೇ? 'ವಿರೂಪ' ಎಂದು ಬರೆದರೆ ಅಂಗಡಿಯವರಿಗೂ ಅರ್ಥವಾಗದು, ಕೊಳ್ಳುವವರಿಗೂ ಅರ್ಥವಾಗದು. ಕರಕರ, ಗುಂಯ್, ಸುಯ್ ಇವೆಲ್ಲ 'ಒಡೆಯುವುದ'ರೊಳಗೇ ಬರುತ್ತವೆಯೇ, ಬೇರೆಯೇ?

ಉತ್ತರ:

ಸರ್, 'ಒಡೆಯುವುದು' ಖಂಡಿತ ಇರಲಿ, ಆದರೆ ಅದಕ್ಕೊಂದು ಗಡಿ ಹಾಕಿ. ಹಾಲು ಒಡೆದಾಗ ಪಾತ್ರೆಯಲ್ಲಿ ಹಾಲೇನೂ ಕಡಿಮೆಯಾಗುವುದಿಲ್ಲ, ಹದ ಕೆಡುತ್ತದೆ. ಸೌಂಡ್ ಒಡೆಯುವುದೂ ಹಾಗೇ. ಹಾಡು ನಿಲ್ಲದೆ ಬರುತ್ತಿರುತ್ತದೆ, ಜೋರಾದ ಕಡೆ ಮಾತ್ರ ಒರಟಾಗುತ್ತದೆ. ಅದಕ್ಕಷ್ಟೇ ಈ ಪದ ಸಾಕು. 'ದನಿ ಒಡೆಯುವುದು' ಮಾತ್ರ ಬೇಡ, ಅದು ಹರೆಯದ ಹುಡುಗರ ಗಂಟಲಿಗೆ ಸಂದ ಮಾತು.

ಹೀಗೆ ಒಡೆಯುವುದಕ್ಕೆ ಕಾರಣ ಬಹಳ ಸಲ ಫೋನಿನೊಳಗೇ ಇರುತ್ತದೆ. ಈಗಿನ ಹಾಡುಗಳ ರೆಕಾರ್ಡಿಂಗ್ ಜೋರಿನ ಮಿತಿಯ ಅಂಚಿನ ತನಕ ತುಂಬಿರುತ್ತದೆ. ಅದರ ಮೇಲೆ ಈಕ್ವಲೈಜರ್‌ನಲ್ಲಿ ಬೇಸ್ 6 ಡೆಸಿಬೆಲ್ ಏರಿಸಿದರೆ ಅಲೆಯ ತುದಿಗಳು ಕತ್ತರಿಸಿಹೋಗುತ್ತವೆ. ಅಲ್ಲೇ ಇರುವ ಪ್ರೀಆಂಪ್ ಅನ್ನು, ಅಂದರೆ ಒಟ್ಟು ಮಟ್ಟವನ್ನು, 6 ಡೆಸಿಬೆಲ್ ಇಳಿಸಿ, ವಾಲ್ಯೂಮ್ ಬೂಸ್ಟರ್ ಆ್ಯಪ್ ಇದ್ದರೆ ತೆಗೆದು ಕೇಳಲಿ. ಸರಿಹೋದರೆ ಹೊಸದೇನೂ ಕೊಳ್ಳಬೇಕಿಲ್ಲ.

ಇದರ ಜೊತೆ ಜನ ಬೆರೆಸುವ ಇನ್ನೊಂದು ಮಾತು 'ಸೌಂಡ್ ಸಾಲಲ್ಲ'. ಆಂಪ್ ಬೇಕಾಗುವುದು ಇಲ್ಲಿ. ಓಮ್ ಅಂದರೆ ಕರೆಂಟಿಗೆ ಹೆಡ್‌ಫೋನ್ ಒಡ್ಡುವ ತಡೆ. ಫೋನಿಗೆ ಸಿಕ್ಕಿಸುವ, 1 ವೋಲ್ಟ್ ಕೊಡುವ ಪುಟ್ಟ ಡಾಂಗಲ್‌ನಿಂದ 32 ಓಮ್ ಹೆಡ್‌ಫೋನ್‌ಗೆ ಸುಮಾರು 31 ಮಿಲಿವ್ಯಾಟ್ ಸಿಗುತ್ತದೆ, 300 ಓಮ್‌ನದಕ್ಕೆ 3.3 ಮಾತ್ರ. 2 ವೋಲ್ಟ್ ಕೊಡುವ ಆಂಪ್ ಹಾಕಿದರೆ ಅದೇ 300 ಓಮ್‌ಗೆ 13.3 ಮಿಲಿವ್ಯಾಟ್, ಅಂದರೆ 6 ಡೆಸಿಬೆಲ್ ಹೆಚ್ಚು. ಕಿವಿಗೆ ಎರಡರಷ್ಟು ಜೋರು ಅನಿಸಲು ಸುಮಾರು 10 ಡೆಸಿಬೆಲ್ ಬೇಕು. ಓಮ್ ಒಂದನ್ನೇ ನೋಡಿದರೂ ಆಗದು. ಸೆನ್ಸಿಟಿವಿಟಿಯನ್ನು, ಅಂದರೆ ಇಷ್ಟು ಕೊಟ್ಟರೆ ಎಷ್ಟು ಜೋರು ಎಂಬುದನ್ನು, ಕೆಲವರು ಮಿಲಿವ್ಯಾಟ್‌ಗೆ ಇಷ್ಟು ಡೆಸಿಬೆಲ್ ಎಂದೂ ಕೆಲವರು ವೋಲ್ಟ್‌ಗೆ ಇಷ್ಟು ಎಂದೂ ಬರೆಯುತ್ತಾರೆ. 32 ಓಮ್‌ನಲ್ಲಿ ಇವೆರಡರ ಅಂತರ 15 ಡೆಸಿಬೆಲ್. ಇದನ್ನು ಗಮನಿಸದೆ ಎರಡು ಹೆಡ್‌ಫೋನ್ ಹೋಲಿಸಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ, ಕೈಪಿಡಿಯಲ್ಲಿ ದಯವಿಟ್ಟು ದಪ್ಪಕ್ಷರದಲ್ಲಿ ಹಾಕಿ.

'ಕರಕರ' ಬೇರೆಯೇ. ವೈರ್ ಅಲುಗಿಸಿದಾಗ, ಜಾಕ್ ತಿರುಗಿಸಿದಾಗ ಬರುವ ಸದ್ದು ಅದು. ವೈರ್ ಬಿಚ್ಚಿಬರುವ ಇಯರ್‌ಫೋನ್ ಆದರೆ ಎಡದ ವೈರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ ನೋಡಬೇಕು. ಕರಕರ ಇನ್ನೊಂದು ಕಿವಿಗೆ ಹೋದರೆ ದೋಷ ವೈರ್‌ನದೋ ಜಾಕ್‌ನದೋ, ಇದ್ದಲ್ಲೇ ಇದ್ದರೆ ಇಯರ್‌ಫೋನಿನದು. ಕಡಿಮೆ ವಾಲ್ಯೂಮ್‌ನಲ್ಲೂ ಬೇಸ್ ಬಂದಾಗಲೆಲ್ಲ 'ಜಿರ್' ಅನ್ನುತ್ತಿದ್ದರೆ ಒಳಗೆ ಸೌಂಡ್ ಹುಟ್ಟಿಸುವ ಡ್ರೈವರ್‌ನ ಪರದೆಗೆ ಕೂದಲು ತಾಗುತ್ತಿರಬಹುದು, ಪರದೆಯೇ ಹಾಳಾಗಿರಲೂಬಹುದು. ಬ್ಲೂಟೂತ್‌ನಲ್ಲಿ ಫೋನನ್ನು ಹಿಂದಿನ ಜೇಬಿಗೆ ಹಾಕಿದಾಗ ಹಾಡು ನಿಂತು ನಿಂತು ಬಂದರೆ ಅದು 'ಕಟ್ಟಾಗುವುದು'. 2.4 ಗಿಗಾಹರ್ಟ್ಸ್ ಅಲೆಯನ್ನು ನಮ್ಮ ಮೈ ತಡೆಯುತ್ತದೆ, ಆಂಪ್ ತಂದರೆ ಅದು ಹೋಗುವುದಿಲ್ಲ.

'ಬೇಸ್ ಇಲ್ಲ' ಅನ್ನುವವರಿಗೆ ಮೊದಲು ರಬ್ಬರ್ ಟಿಪ್ ಬದಲಿಸಲು ಹೇಳಿ. ಕಿವಿಯಲ್ಲಿ ಬಿಗಿಯಾಗಿ ಕೂರದಿದ್ದರೆ ಸಂದಿನಿಂದ ಗಾಳಿ ಸೋರಿ ಬೇಸ್ ಹೋಗುತ್ತದೆ. ದೊಡ್ಡ ಹೆಡ್‌ಫೋನ್‌ನಲ್ಲಿ ಸವೆದ ಕುಶನ್ ಮಾಡುವುದೂ ಇದನ್ನೇ. ಇದಾದ ಮೇಲೂ ಹಾಡಿನ ಬಣ್ಣ ಹಿಡಿಸದಿದ್ದರೆ ಹಣ ಹಾಕಬೇಕಾದ್ದು ಹೆಡ್‌ಫೋನ್‌ಗೇ, ಬೇರೆ ಯಾವ ಭಾಗವೂ ಅಷ್ಟು ವ್ಯತ್ಯಾಸ ತರುವುದಿಲ್ಲ.

'ಸುಯ್' ಮತ್ತು 'ಗುಂಯ್' ಎರಡೂ ಹಾಡು ನಿಲ್ಲಿಸಿದಾಗಲೂ ಕೇಳುತ್ತವೆ, ಅವನ್ನು ಗುರುತಿಸುವ ಬಗೆಯೇ ಅದು. ಬಹಳ ಸೆನ್ಸಿಟಿವ್ ಇಯರ್‌ಫೋನನ್ನು ಜೋರಿನ ಆಂಪ್‌ಗೆ ಹಾಕಿದಾಗ ಆಂಪ್‌ನದೇ ಸದ್ದು ಸುಯ್ ಎಂದು ಮೇಲೆದ್ದು ಕೇಳುತ್ತದೆ. ಆಂಪ್‌ನಲ್ಲಿ ಜೋರಿನ ಮಟ್ಟ ಆರಿಸುವ ಗೇನ್ ಸ್ವಿಚ್ ಇದ್ದರೆ ಕೆಳಕ್ಕೆ ಹಾಕಲಿ. ಗುಂಯ್ ಬಹಳ ಸಲ ನಮ್ಮ 50 ಹರ್ಟ್ಸ್ ಕರೆಂಟಿನದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ಅದು ನಿಂತರೆ ದೋಷ ಚಾರ್ಜರ್ ಕಡೆಯ ಅರ್ಥಿಂಗ್‌ನದು, ಬ್ಯಾಟರಿಯಲ್ಲೂ ಮುಂದುವರಿದರೆ ಅದು ಲ್ಯಾಪ್‌ಟಾಪಿನೊಳಗಿನ ಸದ್ದಿರಬಹುದು, ಆಗ ಯುಎಸ್‌ಬಿ ಡ್ಯಾಕ್ ಹಾಕಿ ನೋಡುವುದರಲ್ಲಿ ಅರ್ಥವಿದೆ.