ಒಂದೇ ಸರ್ವರ್, ಮೂರು ಹೆಸರು: ಡೊಮೇನ್, ಸಬ್‌ಡೊಮೇನ್ ಜೋಡಿಸುವ ಕ್ರಮ

ಪ್ರಶ್ನೆ: ಹಳೇ ಹೋಸ್ಟಿಂಗ್ ಬಿಟ್ಟು ಉಬುಂಟು ಹಾಕಿದ ವಿಪಿಎಸ್‌ಗೆ (ಬಾಡಿಗೆಯ ವರ್ಚುವಲ್ ಸರ್ವರ್) ಹೋಗಬೇಕು, ವೆಬ್ ಸರ್ವರ್ ಎಂಜಿನ್‌ಎಕ್ಸ್. ಮುಖ್ಯ ಸೈಟು, ಬ್ಲಾಗು, ಅಂಗಡಿ ಮೂರೂ ಒಂದೇ ಐಪಿಯಲ್ಲಿ ಬೇರೆ ಬೇರೆ ಹೆಸರಿನಲ್ಲಿ ತೆರೆಯಬೇಕು. ಅದೇ ಡೊಮೇನ್‌ನಲ್ಲಿ ಮೇಲ್ ಇದೆ, ಅದು ನಿಲ್ಲಬಾರದು. ಎಲ್ಲಿಂದ ಶುರು ಮಾಡಲಿ?

ಉತ್ತರ 1: ಮೇಲ್ ಇದೆ ಅಂದಮೇಲೆ ನೇಮ್‌ಸರ್ವರ್ (ಡೊಮೇನ್‌ನ ಡಿಎನ್‌ಎಸ್ ರೆಕಾರ್ಡ್‌ಗಳನ್ನು ಇಟ್ಟುಕೊಂಡು ಉತ್ತರ ಕೊಡುವ ಸರ್ವರ್) ಮುಟ್ಟಬೇಡಿ. ಸೈಟು ಸಾಗಿಸೋಕೆ ಎ ರೆಕಾರ್ಡ್ (ಹೆಸರಿಗೆ ಐಪಿ ಹೇಳುವುದು) ಬದಲಿಸಿದರೆ ಸಾಕು. ನೇಮ್‌ಸರ್ವರ್ ಬದಲಿಸಿದರೆ ಹಳೇ ರೆಕಾರ್ಡ್‌ಗಳು ಜೊತೆಗೆ ಬರೋದಿಲ್ಲ. ಎಂಎಕ್ಸ್ (ಮೇಲ್ ಯಾವ ಸರ್ವರ್‌ಗೆ ಬರಬೇಕು ಅನ್ನೋದು), ಎಸ್‌ಪಿಎಫ್, ಡಿಕೆಐಎಂ (ಮೇಲ್ ನಿಮ್ಮ ಡೊಮೇನ್‌ನಿಂದಲೇ ಬಂದಿದೆ ಅಂತ ತೋರಿಸೋವು) ಎಲ್ಲವನ್ನೂ ಹೊಸ ಕಡೆ ಕೈಯಾರೆ ತುಂಬಬೇಕು. ನೇಮ್‌ಸರ್ವರೇ ಹಳೇ ಹೋಸ್ಟಿಂಗ್‌ನದಾಗಿದ್ದರೆ ಬೇರೆ ದಾರಿಯಿಲ್ಲ. ಆಗ ಮೊದಲು ಎಲ್ಲವನ್ನೂ ನಕಲು ಮಾಡಿ, ಆಮೇಲೆ ಬದಲಿಸಿ. ಡಾಟ್ ಕಾಮ್‌ನಲ್ಲಿ ನೇಮ್‌ಸರ್ವರ್ ಮಾಹಿತಿಯ ಟಿಟಿಎಲ್ (ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿ) 172800 ಸೆಕೆಂಡು, ಅಂದರೆ ಎರಡು ದಿನ ಎರಡೂ ಕಡೆ ಒಂದೇ ಉತ್ತರ ಸಿಗಬೇಕು.

ಇನ್ನೊಂದು: ಎಂಎಕ್ಸ್ ತೋರಿಸುವ ಹೆಸರು ಯಾವ ಐಪಿಗೆ ಹೋಗುತ್ತೆ ನೋಡಿ. ಅದು ಹಳೇ ಹೋಸ್ಟಿಂಗ್‌ನ ಐಪಿಯೇ ಆಗಿದ್ದರೆ ಮೇಲ್ ಕೂಡ ಅಲ್ಲೇ ಇದೆ. ಅದಕ್ಕೆ ಬೇರೆ ಜಾಗ ಮಾಡದೆ ಆ ಖಾತೆ ಮುಚ್ಚಬೇಡಿ.

ಉತ್ತರ 2: ಎ ರೆಕಾರ್ಡ್ ಬದಲಿಸುವ ಹಿಂದಿನ ದಿನವೇ ಟಿಟಿಎಲ್ 86400 ಇದ್ದರೆ 300ಕ್ಕೆ ಇಳಿಸಿ. ಅದೇ ದಿನ ಇಳಿಸಿದರೆ ಪ್ರಯೋಜನವಿಲ್ಲ, ಹಳೇ ಅವಧಿ ಮುಗಿಯೋವರೆಗೂ ರಿಸಾಲ್ವರ್‌ಗಳು (ಬ್ರೌಸರ್‌ಗೆ ಐಪಿ ಹುಡುಕಿಕೊಡುವ ಸರ್ವರ್‌ಗಳು) ಹಳೇ ಐಪಿಯನ್ನೇ ಕೊಡ್ತಿರುತ್ತವೆ.

ಮುಖ್ಯ ಡೊಮೇನ್‌ಗೆ ಎ ರೆಕಾರ್ಡೇ ಬೇಕು. ಅಲ್ಲಿ ಎನ್‌ಎಸ್, ಎಸ್‌ಒಎ ಅನ್ನೋ ಕಡ್ಡಾಯ ರೆಕಾರ್ಡ್‌ಗಳು ಇರೋದರಿಂದ ಸಿನೇಮ್ (ಒಂದು ಹೆಸರನ್ನು ಇನ್ನೊಂದು ಹೆಸರಿಗೆ ತೋರಿಸುವ ರೆಕಾರ್ಡ್) ಕೂರೋದಿಲ್ಲ. ಬ್ಲಾಗು, ಅಂಗಡಿಗೆ ಎ ಆದರೂ ಸರಿ, ಸಿನೇಮ್ ಆದರೂ ಸರಿ. ಹೆಸರಿನ ಖಾನೆಯಲ್ಲಿ ಬರೀ "ಬ್ಲಾಗ್" ಅಂತ ಹಾಕಿ. ಪೂರ್ತಿ ಹೆಸರು ಕೊಟ್ಟರೆ ಎಷ್ಟೋ ಪ್ಯಾನೆಲ್‌ಗಳು ಡೊಮೇನನ್ನು ಇನ್ನೊಮ್ಮೆ ಅಂಟಿಸ್ತವೆ. ರೆಕಾರ್ಡ್ ಸೇರಿಸುವ ಮುಂಚೆ ಆ ಹೆಸರನ್ನು ಬ್ರೌಸರ್‌ನಲ್ಲಿ ತೆರೆದು ನೋಡಬೇಡಿ. "ಇಲ್ಲ" ಅನ್ನೋ ಉತ್ತರವೂ ಕ್ಯಾಶ್ ಆಗುತ್ತೆ, ಆಮೇಲೆ ರೆಕಾರ್ಡ್ ಸರಿಯಿದ್ದರೂ ನಿಮಗೆ ಮಾತ್ರ ಕಾಣೋದಿಲ್ಲ. ಡಿಎನ್‌ಎಸ್ ವಿಚಾರಿಸುವ ಡಿಗ್ ಕಮಾಂಡ್‌ನಲ್ಲಿ ನೇರವಾಗಿ ನಿಮ್ಮ ನೇಮ್‌ಸರ್ವರನ್ನೇ ಕೇಳಿ.

ಉತ್ತರ 3: ಎಂಜಿನ್‌ಎಕ್ಸ್‌ನಲ್ಲಿ ಪ್ರತಿ ಹೆಸರಿಗೂ ಒಂದು ಸರ್ವರ್ ಬ್ಲಾಕ್ (ಆ ಸೈಟಿನ ಸೆಟ್ಟಿಂಗ್‌ಗಳ ಭಾಗ), ಅದರಲ್ಲಿ ಸರ್ವರ್ ನೇಮ್ ಸಾಲು. ಬಂದ ಹೆಸರು ಯಾವುದಕ್ಕೂ ಹೊಂದದಿದ್ದರೆ ಆ ಪೋರ್ಟಿನ ಮೊದಲ ಬ್ಲಾಕೇ ಉತ್ತರ ಕೊಡುತ್ತೆ. "ಬ್ಲಾಗ್ ತೆರೆದರೆ ಅಂಗಡಿ ಬರ್ತಿದೆ" ಅನ್ನೋದು ಹೆಚ್ಚಾಗಿ ಇದರಿಂದಲೇ. ಡಿಫಾಲ್ಟ್ ಸರ್ವರ್ ಅಂತ ಗುರುತು ಮಾಡಿದ ಒಂದು ಖಾಲಿ ಬ್ಲಾಕ್ ಇಟ್ಟು 444 ಹಿಂತಿರುಗಿಸಿ. ಆಗ ತಪ್ಪು ಹೆಸರಿಗೆ ತಪ್ಪು ಸೈಟು ಬರೋ ಬದಲು ಕನೆಕ್ಷನ್ನೇ ಮುಚ್ಚುತ್ತೆ, ದೋಷ ಎಲ್ಲಿದೆ ಅಂತ ತಕ್ಷಣ ಗೊತ್ತಾಗುತ್ತೆ. ಪ್ರತಿ ಬದಲಾವಣೆಗೂ ಮೊದಲು ಟೆಸ್ಟ್, ಆಮೇಲೆ ರೀಲೋಡ್; ರೀಸ್ಟಾರ್ಟ್ ಬೇಕಿಲ್ಲ.

ಉತ್ತರ 4: ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ಕೊನೆಗೆ, ನಾಲ್ಕೂ ಹೆಸರು ಹೊಸ ಐಪಿಗೆ ಬಂದ ಮೇಲೆ. ಮೂರಲ್ಲ, ನಾಲ್ಕು: ಡಬ್ಲ್ಯುಡಬ್ಲ್ಯುಡಬ್ಲ್ಯು ಕೂಡ ಬೇರೆ ಹೆಸರೇ. ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಎಚ್‌ಟಿಟಿಪಿ ಪರೀಕ್ಷೆ 80ನೇ ಪೋರ್ಟಿಗೇ ಬರುತ್ತೆ, ಅದನ್ನು ಉಬುಂಟು ಫೈರ್‌ವಾಲ್‌ನಲ್ಲೂ ವಿಪಿಎಸ್ ಕಂಪನಿಯ ಪ್ಯಾನೆಲ್‌ನಲ್ಲೂ ತೆರೆಯಿರಿ. ಹಳೇ ಎಎಎಎ ರೆಕಾರ್ಡ್ (ಐಪಿವಿ6 ವಿಳಾಸ ಹೇಳುವುದು) ಉಳಿದಿದ್ದರೆ ಪರೀಕ್ಷೆ ಮೊದಲು ಐಪಿವಿ6 ಮೂಲಕ ಹಳೇ ಸರ್ವರ್‌ಗೇ ಹೋಗಿ ಸೋಲುತ್ತೆ. ನಿಮ್ಮ ಬ್ರೌಸರ್‌ನಲ್ಲಿ ಮಾತ್ರ ಎಲ್ಲ ಸರಿಯಾಗೇ ಕಾಣ್ತಿರಬಹುದು. ಒಂದೇ ಹೆಸರಿಗೆ ಗಂಟೆಗೆ 5 ಸಲ ಸೋತರೆ ತಡೆ ಬೀಳುತ್ತೆ, ಮೊದಲು ಸರ್ಟಿಫಿಕೇಟ್ ತರುವ ಸರ್ಟ್‌ಬಾಟ್ ಪ್ರೋಗ್ರಾಂನ ಡ್ರೈ ರನ್ (ಪ್ರಯೋಗ) ಮಾಡಿ. ವೈಲ್ಡ್‌ಕಾರ್ಡ್ (ಎಲ್ಲ ಸಬ್‌ಡೊಮೇನ್‌ಗಳಿಗೂ ಒಂದೇ ಸರ್ಟಿಫಿಕೇಟ್) ಬೇಕಾದರೆ ಡಿಎನ್‌ಎಸ್‌ನಲ್ಲಿ ಟಿಎಕ್ಸ್‌ಟಿ ರೆಕಾರ್ಡ್ ಕಡ್ಡಾಯ, ಅದೂ ಒಂದು ಹಂತಕ್ಕಷ್ಟೇ; ಮುಖ್ಯ ಡೊಮೇನನ್ನು ಬೇರೆಯಾಗಿ ಸೇರಿಸಬೇಕು. ನಿಮಗೆ ಅದರ ಅಗತ್ಯ ಕಾಣಿಸ್ತಿಲ್ಲ.

ಉತ್ತರ 2, ಮತ್ತೆ: ಮುಂದೆ ಅಂಗಡಿಯನ್ನು ಹೊರಗಿನ ಸೇವೆಗೆ ಸಿನೇಮ್ ಮಾಡಿ ಆಮೇಲೆ ಆ ಖಾತೆ ಮುಚ್ಚಿದರೆ, ಸಿನೇಮನ್ನೂ ಅಂದೇ ಅಳಿಸಿ. ಎಷ್ಟೋ ಸೇವೆಗಳಲ್ಲಿ ಬಿಟ್ಟುಹೋದ ಆ ಹೆಸರನ್ನು ಬೇರೊಬ್ಬರು ತಮ್ಮ ಖಾತೆಗೆ ಹಾಕಿಕೊಳ್ಳಬಹುದು. ಆಗ ನಿಮ್ಮ ಡೊಮೇನ್‌ನಡಿ ಅವರ ಪುಟ ತೆರೆಯುತ್ತೆ.