ಅಪ್‌ಡೇಟ್: ಆಕ್ಸೆಸ್‌ನಿಂದ ಸಿಎಸ್‌ವಿಗೆ ಕಳಿಸಿದರೆ ಕನ್ನಡವೆಲ್ಲ ????, ಪರಿಹಾರ ಸಿಕ್ಕಿತು

ಕಳೆದ ವಾರ ಕೇಳಿದ್ದೆನಲ್ಲ, ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶದಿಂದ ಸದಸ್ಯರ ಟೇಬಲ್ ಅನ್ನು ಸಿಎಸ್‌ವಿಯಾಗಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಠ್ಯ ಫೈಲ್) ಎಕ್ಸ್‌ಪೋರ್ಟ್ ಮಾಡಿದರೆ ಹೆಸರುಗಳ ಜಾಗದಲ್ಲಿ ಪ್ರಶ್ನೆಚಿಹ್ನೆ ಬರುತ್ತದೆ ಅಂತ. ಸರಿಹೋಯಿತು.

ನೀವು ಕೊಟ್ಟ ಸಲಹೆಗಳಲ್ಲಿ ಕೆಲಸಕ್ಕೆ ಬಂದದ್ದು ಕೋಡ್ ಪೇಜ್ (ಫೈಲಿನಲ್ಲಿ ಅಕ್ಷರಗಳನ್ನು ಯಾವ ಸಂಕೇತದಲ್ಲಿ ಬರೆಯಬೇಕು ಎಂಬ ಆಯ್ಕೆ) ಬದಲಿಸುವುದು. ಎಕ್ಸ್‌ಪೋರ್ಟ್ ಟೆಕ್ಸ್ಟ್ ವಿಝಾರ್ಡ್‌ನಲ್ಲಿ 'ಅಡ್ವಾನ್ಸ್ಡ್' ಒತ್ತಿ, ಕೋಡ್ ಪೇಜ್ ಅನ್ನು 'ವೆಸ್ಟರ್ನ್ ಯುರೋಪಿಯನ್'ನಿಂದ 'ಯೂನಿಕೋಡ್ (ಯುಟಿಎಫ್-8)'ಗೆ ಬದಲಿಸಬೇಕು. ಅಲ್ಲೇ 'ಸೇವ್ ಆಸ್' ಕೊಟ್ಟರೆ ಸ್ಪೆಸಿಫಿಕೇಶನ್ ಉಳಿಯುತ್ತದೆ, ಪ್ರತಿಸಲ ಬದಲಿಸುವ ತಾಪತ್ರಯವಿಲ್ಲ. 'ಫಾರ್ಮ್ಯಾಟಿಂಗ್ ಸಮೇತ' ಎಂಬ ಮೊದಲ ಟಿಕ್ ಮಾತ್ರ ಹಾಕಬೇಡಿ. ಹಾಕಿದರೆ ಗೆರೆ ಎಳೆದ ಪಟ್ಟಿ ಬರುತ್ತದೆ, ಸಿಎಸ್‌ವಿ ಅಲ್ಲ.

ನೋಟ್‌ಪ್ಯಾಡ್‌ನಲ್ಲಿ ತೆರೆದು ಯುಟಿಎಫ್-8 ಆಗಿ ಸೇವ್ ಮಾಡುವ ಸಲಹೆ ಫಲಿಸಲಿಲ್ಲ. ಫೈಲ್ ಬರೆಯುವಾಗಲೇ ಅಕ್ಷರ ಹೋಗಿ '?' ಕೂತಿರುತ್ತದೆ, ಆಮೇಲೆ ವಾಪಸ್ ತರಲು ಏನೂ ಉಳಿದಿರುವುದಿಲ್ಲ.

ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆಯಲು ಡಬಲ್ ಕ್ಲಿಕ್ ಬೇಡ. 'ಡೇಟಾ'ದಲ್ಲಿ 'ಫ್ರಂ ಟೆಕ್ಸ್ಟ್/ಸಿಎಸ್‌ವಿ' ಒತ್ತಿ, 'ಫೈಲ್ ಒರಿಜಿನ್'ನಲ್ಲಿ 65001 (ಅಂದರೆ ಯುಟಿಎಫ್-8) ಆರಿಸಿ. ಡೇಟಾ ಟೈಪ್ ಡಿಟೆಕ್ಷನ್ (ಅಂಕಣದಲ್ಲಿರುವುದು ಸಂಖ್ಯೆಯೋ ಪಠ್ಯವೋ ಎಂದು ಎಕ್ಸೆಲ್ ತಾನೇ ಊಹಿಸುವುದು) ಆಫ್ ಮಾಡದಿದ್ದರೆ 0042 ಎಂಬ ಸದಸ್ಯತ್ವ ಸಂಖ್ಯೆ 42 ಆಗುತ್ತದೆ. ದಿನಾಂಕದ ಬಾಲಕ್ಕೆ 0:00:00 ಅಂಟಿಕೊಂಡು ಬಂದರೆ, ಆಕ್ಸೆಸ್‌ನಲ್ಲಿ ಟೇಬಲ್ ಬದಲು ಕ್ವೆರಿ (ಟೇಬಲ್‌ನಿಂದ ಬೇಕಾದ್ದನ್ನು ಬೇಕಾದ ರೂಪದಲ್ಲಿ ಆರಿಸುವ ಪ್ರಶ್ನೆ) ಎಕ್ಸ್‌ಪೋರ್ಟ್ ಮಾಡಿ, ಅದರಲ್ಲಿ ಫಾರ್ಮ್ಯಾಟ್ ಫಂಕ್ಷನ್ ಬಳಸಿ.

ಅಚ್ಚರಿಯೆಂದರೆ, ಕೆಲವು ಹಳೇ ಸಾಲುಗಳು ಮೊದಲಿಂದಲೂ '?' ಆಗಿರಲೇ ಇಲ್ಲ. ಅವು ಹಳೆಯ ನುಡಿ ಫಾಂಟಿನಲ್ಲಿ ಟೈಪಾದವು. ಒಳಗಿರುವುದು ಲ್ಯಾಟಿನ್ ಸಂಕೇತಗಳು, ಕನ್ನಡವಾಗಿ ಕಾಣುವುದು ಫಾಂಟಿನಿಂದ ಮಾತ್ರ. ಅವನ್ನು ಬೇರೆ ಮಾಡಿ ಯೂನಿಕೋಡ್ ಪರಿವರ್ತಕಕ್ಕೆ ಹಾಕಿದ ಮೇಲೆಯೇ ಪಟ್ಟಿ ಪೂರ್ತಿಯಾಗಿದ್ದು.