ಸಹಾಯ ಬೇಕು: ಮೆಟೊಪ್ರೊಲಾಲ್ ಮಾತ್ರೆ ಜೊತೆ ಟಿಮೊಲಾಲ್ ಕಣ್ಣಿನ ಡ್ರಾಪ್ಸ್

ನಮಸ್ಕಾರ. ಅಮ್ಮನಿಗೆ 68 ವರ್ಷ. ಬಿಪಿಗೆ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಾರೆ. ಈಚೆಗೆ ನಾಡಿ 50ರ ಆಸುಪಾಸಿಗೆ ಇಳಿದಿದೆ, ಎದ್ದು ನಿಂತರೆ ತಲೆ ಸುತ್ತುತ್ತದೆ. ಇಸಿಜಿಯಲ್ಲಿ ಪಿಆರ್ ಅಂತರ (ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ತಲುಪಲು ಹಿಡಿಯುವ ಸಮಯ) 240 ಮಿಲಿಸೆಕೆಂಡ್. 200ರೊಳಗೆ ಇರಬೇಕು.

ಮೆಟೊಪ್ರೊಲಾಲ್ ಬೀಟಾ ಬ್ಲಾಕರ್ ಗುಂಪಿನ ಔಷಧಿ, ಅದು ಹೃದಯದ ಮೇಲೆ ಅಡ್ರಿನಲಿನ್‌ನ ಒತ್ತಡ ತಗ್ಗಿಸುತ್ತದೆ. ಮಿಡಿತ ಹುಟ್ಟಿಸುವ ಎಸ್‌ಎ ನೋಡ್ ನಿಧಾನವಾಗುತ್ತದೆ. ಮೇಲಿನ ಕೋಣೆಯಿಂದ ಕೆಳಕ್ಕೆ ವಿದ್ಯುತ್ ದಾಟಿಸುವ ಎವಿ ನೋಡ್ ಕೂಡ ತಡಮಾಡುತ್ತದೆ. ಪಿಆರ್ ಉದ್ದವಾಗುವುದು ಅದಕ್ಕೇ.

ನನ್ನ ಅನುಮಾನ ಕಣ್ಣಿನ ಡ್ರಾಪ್ಸ್ ಮೇಲೆ. ಗ್ಲಾಕೋಮಾಗೆ ಟಿಮೊಲಾಲ್ ಹಾಕುತ್ತಾರೆ. ಅದೂ ಬೀಟಾ ಬ್ಲಾಕರೇ ಅಲ್ವಾ! ಕಣ್ಣೀರಿನ ನಾಳದಿಂದ ಮೂಗಿಗೆ ಇಳಿದು ರಕ್ತಕ್ಕೆ ಸೇರುತ್ತದೆ. ಹೃದಯದ ಡಾಕ್ಟರ ಚೀಟಿಯಲ್ಲಿ ಡ್ರಾಪ್ಸ್ ಇಲ್ಲ, ಕಣ್ಣಿನ ಡಾಕ್ಟರ ಚೀಟಿಯಲ್ಲಿ ಮಾತ್ರೆ ಇಲ್ಲ.

ಎರಡನ್ನೂ ಒಟ್ಟಿಗೆ ಬಳಸಿದವರು ಇದ್ದೀರಾ? ಡ್ರಾಪ್ಸ್ ಬದಲಿಸಿದ ಮೇಲೆ ನಾಡಿ ಏರಿತಾ? ಡ್ರಾಪ್ಸ್ ಹಾಕಿದ ಮೇಲೆ ಮೂಗಿನ ಕಡೆಯ ಕಣ್ಣಿನ ಮೂಲೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ರಕ್ತಕ್ಕೆ ಸೇರುವುದು ಕಡಿಮೆ, ಅದನ್ನು ಶುರು ಮಾಡಿದ್ದೇವೆ. ಮಾತ್ರೆ ನಿಲ್ಲಿಸಿಲ್ಲ. ದಿಢೀರನೆ ಬಿಟ್ಟರೆ ಹೃದಯಕ್ಕೆ ಅಪಾಯ.

ನಾಳೆ ಬೆಳಗ್ಗೆ ಡಾಕ್ಟರ ಹತ್ತಿರ ಹೋಗುತ್ತೇವೆ, ಎರಡೂ ಚೀಟಿ ಜೊತೆಗಿರುತ್ತವೆ. ಹೋಲ್ಟರ್ ಪರೀಕ್ಷೆ (ಇಡೀ ದಿನ ಇಸಿಜಿ ದಾಖಲಿಸುವುದು) ಕೇಳಬೇಕಾ? ಇನ್ನೇನು ಕೇಳಲಿ, ದಯವಿಟ್ಟು ತಿಳಿಸಿ.